ಡೇಟ್ ಮುಗದೈತಿ ಅಂತ ಚೆಲ್ಲೂಕಿಂತ ಮೊದ್ಲ ಯಾವ ಡೇಟ್ ಅಂತ ನೋಡ್ರಿ

ಹುಬ್ಬಳ್ಳಿ ವಿದ್ಯಾನಗರದಾಗಿರೋ ನಮ್ಮ ವೈನಿ ವಾಟ್ಸಾಪ್‌ನ್ಯಾಗ ಕಳಸೋದರಾಗ ಅರ್ಧಾ ಪ್ಯಾಕೆಟ್ ಫೋಟೋನ ಇರ್ತಾವ. ರವಾ, ಪನೀರ್, ಬಿಸ್ಕೀಟು, ಮಸಾಲಿ ಪುಡಿ, ಕೆಳಗ "ಇದು ನಡೀತೈತೇನ, ಇಲ್ಲಾ ಚೆಲ್ಲಲೇನ?" ಅಂತ. ನಾ ಇಂಗ್ಲೆಂಡಿನ ಲೆಸ್ಟರ್‌ನಾಗ ಒಂದು ಸೂಪರ್‌ಮಾರ್ಕೆಟಿನ ಫ್ರಿಜ್ ಸಾಮಾನಿನ ಕಡೆ ಕೆಲಸಾ ಮಾಡ್ತೀನಿ, ಡೇಟ್ ಚೆಕ್ ಮಾಡೂದ ನನ್ನ ದಿನದ ಕೆಲಸ, ಅದಕ್ಕ ನನ್ನ ಕೇಳ್ತಾರ. ಊರಾಗ ಎಲ್ಲಾರ ಮನ್ಯಾಗೂ ಇದ ಪ್ರಶ್ನೆ ಇರ್ತೈತಿ ಅಂತ ಸ್ವಲ್ಪ ಬಿಡಿಸಿ ಬರಿಯಾಕತ್ತೀನಿ.

ಇಲ್ಲೆ ಎರಡು ಥರದ ಡೇಟ್ ಅದಾವ. ಹಸಿ ಚಿಕನ್, ಮೀನು, ಹೆಚ್ಚಿಟ್ಟ ಸಲಾಡ್ ಇಂಥಾವುಕ್ಕ "ಯೂಸ್ ಬೈ" ಅಂತ ಹಾಕಿರ್ತಾರ, ಅದು ಸುರಕ್ಷತೆಯ ಡೇಟು, ಆ ದಿನ ಮುಗಿಯೂದ್ರೊಳಗ ತಿನ್ನಬೇಕು ಇಲ್ಲಾ ಫ್ರೀಜರ್‌ಗೆ ಹಾಕಬೇಕು, ಮರುದಿನ ಅದನ್ನ ಮಾರೂದು ಕಾನೂನಿನ ಪ್ರಕಾರನ ಅಪರಾಧ. ಬ್ರೆಡ್ಡು, ಬಿಸ್ಕೀಟು, ಬ್ಯಾಳಿ, ಹಿಟ್ಟು ಇವುಕ್ಕ "ಬೆಸ್ಟ್ ಬಿಫೋರ್", ಅಂದ್ರ ಅಲ್ಲೀತನಕ ರುಚಿ, ಗರಿಗರಿ, ಪರಿಮಳ ಚಲೋ ಇರ್ತೈತಿ ಅಂತಷ್ಟ. ಆಮ್ಯಾಲ ಬಿಸ್ಕೀಟ್ ಸ್ವಲ್ಪ ಮೆತ್ತಗಾಗಬಹುದು, ವಿಷಾ ಏನ ಆಗಂಗಿಲ್ಲ. ಜನಾ ಈ ಎರಡನ್ನೂ ಒಂದ ಅಂತ ತಿಳಕೊಂಡು ತಿನ್ನಬಹುದಾದ್ದನ್ನ ಚೆಲ್ತಾರ, ಚೆಲ್ಲಬೇಕಾದ್ದನ್ನ ತಿಂತಾರ. ನನಗ ಭಾಳ ತ್ರಾಸ ಆಗೋದು ಇದಕ್ಕ.

ಸಂಜಿ ಮುಂದ ನಾವು ಅವತ್ತ ಮುಗಿಯೋ ಪ್ಯಾಕೆಟ್ ಆರಿಸಿ ತಗದು, ಸಣ್ಣ ಮಷಿನ್‌ಲೆ ಸ್ಕ್ಯಾನ್ ಮಾಡಿ, ರೇಟ್ ಇಳಿಸಿದ ಹಳದಿ ಸ್ಟಿಕರ್ ಅಂಟಸ್ತೀವಿ. ಒಬ್ರು ವಯಸ್ಸಾದ ಅಜ್ಜಿ ಬರೋಬ್ಬರಿ ಆ ಹೊತ್ತಿಗೇ ಬರ್ತಾರ. ಚಿಕನ್ ಒಯ್ದಕೂಡ್ಲೆ ಎರಡೆರಡು ತುಂಡು ಬ್ಯಾರೆ ಬ್ಯಾರೆ ಚೀಲದಾಗ ಹಾಕಿ, ಪೆನ್ನಿಲೆ ತಾರೀಖು ಬರದು ಫ್ರೀಜರ್‌ನ್ಯಾಗ ಇಡ್ತಾರಂತ, ಬೇಕಾದಾಗ ಹಿಂದಿನ ರಾತ್ರಿ ಕೆಳಗ ಫ್ರಿಜ್ಜಿನ್ಯಾಗ ಇಟ್ಟು ಕರಗಿಸಿ 24 ತಾಸಿನ್ಯಾಗ ಅಡಗಿ ಮಾಡ್ತಾರಂತ. ಯೂಸ್ ಬೈ ದಿನದ ತನಕ ಫ್ರೀಜ್ ಮಾಡಬಹುದು ಅಂತ ಇಲ್ಲಿನ ಆಹಾರ ಇಲಾಖೆನೂ ಹೇಳ್ತೈತಿ.

ನಮ್ಮ ದೇಶದಾಗ ಆಹಾರ ಸುರಕ್ಷತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ತಯಾರಾದ ಇಲ್ಲಾ ಪ್ಯಾಕ್ ಆದ ದಿನ, ಮತ್ತ ಎಕ್ಸ್‌ಪೈರಿ ಇಲ್ಲಾ ಯೂಸ್ ಬೈ ದಿನ ಹಾಕ್ಲೇಬೇಕು, ಬೆಸ್ಟ್ ಬಿಫೋರ್ ಬೇಕಂದ್ರ ಹೆಚ್ಚಿಗಿ ಹಾಕಬಹುದು. ಹಂಗಾಗಿ ವೈನಿಗೆ ನಾ ಮೊದ್ಲು ಕೇಳೂದು "ತಾರೀಖಿನ ಹಿಂದಿನ ಶಬ್ದಾ ಓದ್ರಿ ವೈನಿ" ಅಂತನ. ಎಕ್ಸ್‌ಪೈರಿ ಅಂತಿದ್ರ ಮಾತ ಇಲ್ಲ, ಚೆಲ್ಲೂದ. ಇನ್ನ ಪೇಡೆ, ಕುಂದಾ, ಬರ್ಫಿ ಅಂತ ಖುಲ್ಲಾ ಮಿಠಾಯಿ ತಗೊಳ್ಳೋರು ಒಂದು ನೆನಪಿಡ್ರಿ, 2020ರ ಅಕ್ಟೋಬರ್ 1ರಿಂದ ಅಂಗಡ್ಯಾಗ ಟ್ರೇ ಮುಂದ ಬೆಸ್ಟ್ ಬಿಫೋರ್ ತಾರೀಖು ಇಡಬೇಕಂತ ನಿಯಮ ಬಂದೈತಿ. ಕೇಳ್ರಿ, ಕೇಳಾಕ ಸಂಕೋಚ ಯಾಕ, ಖವಾದ ಪದಾರ್ಥ ಅದು.

ಮತ್ತ ಒಂದ್ ಮಾತು, ಡೇಟ್ ಇರೋದು ಇನ್ನೂ ಒಡೀದಿರೋ ಪ್ಯಾಕೆಟ್‌ಗೆ. ಪನೀರ್ ಒಡದ್ರಿ ಅಂದ್ರ ಮುಂದಿನ ತಿಂಗಳ ಡೇಟ್ ನಡಿಯಂಗಿಲ್ಲ, ಪಕ್ಕದಾಗ ಸಣ್ಣ ಅಕ್ಷರದಾಗ ಒಡದ ಮ್ಯಾಲ ಇಷ್ಟು ದಿನದಾಗ ಮುಗಿಸ್ರಿ ಅಂತ ಬರದಿರ್ತಾರ, ಅದನ್ನ ನೋಡಬೇಕು.

ನಮ್ಮವ್ವ "ಮೂಸಿ ನೋಡು, ತಿಳೀತೈತಿ" ಅಂತಾಳ. ಹಾಲು, ಮೊಸರಿಗೆ ಅದು ಖರೇನ, ಇಲ್ಲೆ ಮಾರಿಸನ್ಸ್ ಅನ್ನೋ ದೊಡ್ಡ ಅಂಗಡಿಯವರೂ 2022ರಾಗ ತಮ್ಮ ಹೆಸರಿನ ಹೆಚ್ಚಿನ ಹಾಲಿನ ಮ್ಯಾಲ ಯೂಸ್ ಬೈ ತಗದು ಬೆಸ್ಟ್ ಬಿಫೋರ್ ಹಾಕಿ, ಮೂಸಿ ನೋಡಿ ಕುಡೀರಿ ಅಂದ್ರು. ಆದ್ರ ಹೊಟ್ಟಿ ಕೆಡಸೋ ಎಲ್ಲಾ ಬ್ಯಾಕ್ಟೀರಿಯಾ ವಾಸನಿ ಕೊಡಂಗಿಲ್ಲ. ಅದರಾಗ ನನಗ ಹೆದರಿಕಿ ಇರೋದು ಅನ್ನದ್ದು. ರಾತ್ರಿ ಉಳದ ಅನ್ನ ಒಲಿ ಕಟ್ಟಿ ಮ್ಯಾಲ ಬಿಟ್ಟು ಮುಂಜಾನೆ ಒಗ್ಗರಣಿ ಹಾಕೂದು ಮನಿ ಮನ್ಯಾಗ ಐತಿ. ಬ್ಯಾಸಗಿ ಸೆಕ್ಯಾಗ ಇದು ಬ್ಯಾಡ್ರಿ. ಅಕ್ಕಿಯಾಗ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜದಂಥ ಕಣಾ ಇರ್ತಾವ, ಕುದಿಸಿದ್ರೂ ಸಾಯಂಗಿಲ್ಲ, ಅನ್ನ ಹೊರಗ ಉಳದ್ರ ಮೊಳತು ವಿಷಾ ಬಿಡ್ತಾವ, ಆ ವಿಷಾ ಒಗ್ಗರಣಿ ಬಿಸಿಗೂ ಹೋಗಂಗಿಲ್ಲ. ಹಂಗಂತ ಅನ್ನ ಚೆಲ್ಲಬೇಕಂತೇನಿಲ್ಲ. ಊಟ ಆದಕೂಡ್ಲೆ ಅಗಲ ತಾಟಿನ್ಯಾಗ ಹರವಿ, ಒಂದು ತಾಸಿನ್ಯಾಗ ಆರಿಸಿ, ಮುಚ್ಚಿ ಫ್ರಿಜ್ಜಿನ್ಯಾಗ ಇಡ್ರಿ, ಮರುದಿನಾನ ಒಂದ ಸಲ ಹೊಗಿ ಬರೂಹಂಗ ಬಿಸಿ ಮಾಡಿ ಮುಗಿಸ್ರಿ. ಸಾರು, ಪಲ್ಯಾ ಆದ್ರ ಎರಡು ದಿನ.

ಫ್ರಿಜ್ ಒಳಗ 5 ಡಿಗ್ರಿ ಇಲ್ಲಾ ಅದಕ್ಕಿಂತ ಕಡಿಮಿ ಇರಬೇಕು. ಬಾಗಲದಾಗ ಸೆಕಿ ಹೆಚ್ಚು, ಹಾಲು ಅಲ್ಲಿಡಬ್ಯಾಡ್ರಿ, ಒಳಗ ಹಿಂದ ಇಡ್ರಿ. ಕರೆಂಟ್ ಹೋದ್ರ ಬಾಗಲಾ ತಗೀದ ಇದ್ರ ಸುಮಾರು 4 ತಾಸು ತಂಪು ಹಿಡೀತೈತಿ.

ನಮ್ಮ ಅಂಗಡ್ಯಾಗ ಹೊಸಾ ಮಾಲು ಯಾವಾಗ್ಲೂ ಹಿಂದ, ಹಳೇದು ಮುಂದ. ಇದನ್ನ ಮನ್ಯಾಗೂ ಮಾಡ್ರಿ ಅಂತೀನಿ. ಡಬ್ಬಿಯಾಗ ಹಳೇ ರವಾದ ಮ್ಯಾಲ ಹೊಸಾ ರವಾ ಸುರದ್ರ ತಳದಾಗಿಂದು ಅಲ್ಲೇ ಉಳೀತೈತಿ, ಹುಳಾ ಅಲ್ಲಿಂದನ ಶುರು ಆಗ್ತೈತಿ. ವಿಶ್ವಸಂಸ್ಥೆಯ 2024ರ ವರದಿ ಪ್ರಕಾರ 2022ರಾಗ ಜಗತ್ತಿನ್ಯಾಗ 105 ಕೋಟಿ ಟನ್ ಆಹಾರ ಹಾಳಾಗೈತಿ, ಅದರಾಗ ನೂರಕ್ಕ 60ರಷ್ಟು ಮನಿಗಳಿಂದನ. ನಮ್ಮ ಕಡೆ ಖಡಕ್ ರೊಟ್ಟಿ, ಚಟ್ನಿ ಪುಡಿ ಮಾಡಿಟ್ಟವರು ಇದನ್ನ ಚಲೋ ತಿಳದಿದ್ರು, ನೀರಿನ ಅಂಶ ಇಲ್ಲಂದ್ರ ಲಗೂನ ಕೆಡೂದಿಲ್ಲ. ಅದಕ್ಕ ಚಟ್ನಿ ಡಬ್ಬಿಗೆ ಹಸಿ ಚಮಚಾ ಹಾಕಬ್ಯಾಡ್ರಿ.

ಶೇಂಗಾದ ವಿಷಯದಾಗ ಮಾತ್ರ ಉಳಿಸೋ ಆಸೆ ಬಿಟ್ಟ ಬಿಡ್ರಿ. ಬೂಷ್ಟು ಹಿಡದಿದ್ರ, ಕಾಳು ಕಪ್ಪಾಗಿ ಮುದುಡಿದ್ರ ಅದರಾಗ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷಾ ಇರಬಹುದು, ಅದು ಲಿವರ್‌ಗೆ ಕೆಟ್ಟದ್ದು, ಹುರದ್ರೂ ಪೂರ್ತಿ ಹೋಗಂಗಿಲ್ಲ. ವ್ಯರ್ಥ ಆಗಬಾರದಂತ ದನಕ್ಕ ಹಾಕೂದೂ ಬ್ಯಾಡ, ಆಕಳು ಎಮ್ಮಿ ತಿಂದ್ರ ಅದು ಹಾಲಿನ್ಯಾಗ ಬರ್ತೈತಿ, ಆ ಹಾಲು ಕುಡಿಯೋದು ಮನೀ ಮಕ್ಕಳ.