ಫಾರ್ಮಿಂಗ್ಟನ್ ಸಭೆಯ ಚರಿತ್ರೆ: ಕೆಲಸದ ದಿನಚರಿ, ಮೂರನೆಯ ಕಂತು

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಫಾರ್ಮಿಂಗ್ಟನ್ ಎಂಬ ಚಿಕ್ಕ ಊರಿನ ಕಾಂಗ್ರಿಗೇಶನಲ್ ಚರ್ಚಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿಡುವ ನನ್ನ ಭಾನುವಾರದ ಹವ್ಯಾಸ ಈ ತಿಂಗಳು ಮುಂದೆ ಸಾಗುವ ಬದಲು ಒಂದು ಹೆಜ್ಜೆ ಹಿಂದೆ ಬಂದಿದೆ. ಮೊದಲ ಕರಡಿನಲ್ಲಿ ‘ಚರ್ಚು 1652ರಲ್ಲಿ ಸ್ಥಾಪನೆಯಾಯಿತು, 1771ರಲ್ಲಿ ಕಟ್ಟಲಾಯಿತು’ ಎಂದು ಬರೆದಿದ್ದೆ. ಇದೇನು, ನೂರಹತ್ತೊಂಬತ್ತು ವರ್ಷ ಬಯಲಿನಲ್ಲಿ ಪ್ರಾರ್ಥಿಸಿದರೇ ಎಂದು ಮನೆಯವರು ಕೇಳಿದಾಗಲೇ ತಪ್ಪು ನನಗೆ ಹೊಳೆದದ್ದು.

ಆ ಊರನ್ನು ಕಟ್ಟಿದ ಪ್ಯೂರಿಟನ್ನರಿಗೆ, ಅಂದರೆ ಇಂಗ್ಲೆಂಡಿನಿಂದ ಬಂದ ಸುಧಾರಣಾವಾದಿ ಪ್ರೊಟೆಸ್ಟೆಂಟರಿಗೆ, ಚರ್ಚು ಎಂದರೆ ಕಟ್ಟಡವಲ್ಲ. ಪರಸ್ಪರ ಒಡಂಬಡಿಕೆ ಮಾಡಿಕೊಂಡ ವಿಶ್ವಾಸಿಗಳ ಸಮೂಹ. ಆ ಸಮೂಹಕ್ಕೆ ಬಿಷಪ್ಪರ ಅಪ್ಪಣೆ ಬೇಕಿರಲಿಲ್ಲ; ತನ್ನ ಬೋಧಕನನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಈ ಪದ್ಧತಿಗೇ ಕಾಂಗ್ರಿಗೇಶನಲ್ ಎಂದು ಹೆಸರು. ಜನಸಮೂಹ ಬೇರೆ, ಕಟ್ಟಡ ಬೇರೆ ಎಂಬ ಭೇದ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಇದೆ: ಕನ್ನಡದ ಪ್ರೊಟೆಸ್ಟೆಂಟ್ ಕ್ರೈಸ್ತರು ಜನಸಮೂಹವನ್ನು ‘ಸಭೆ’ ಎನ್ನುತ್ತಾರೆ, ಅದರ ಹೊಣೆ ಹೊತ್ತವರನ್ನು ‘ಸಭಾಪಾಲಕರು’ ಎನ್ನುತ್ತಾರೆ, ಕಟ್ಟಡವನ್ನು ‘ದೇವಾಲಯ’ ಎನ್ನುತ್ತಾರೆ. ಆದರೆ ಭಾನುವಾರ ಆರಾಧನೆ ನಡೆದ ಸೂರಿನಡಿಯಲ್ಲೇ ವಾರದ ದಿನ ಊರಿನ ವ್ಯವಹಾರದ ಚರ್ಚೆಗೂ ಸೇರುತ್ತಿದ್ದ ಜನ ಆ ಕಟ್ಟಡವನ್ನು ಪವಿತ್ರವೆಂದು ಎಣಿಸಿರಲಿಲ್ಲವಾದ್ದರಿಂದ ‘ದೇವಾಲಯ’ ಇಲ್ಲಿ ಒಗ್ಗುವುದಿಲ್ಲ. ಬಹಳ ತಿಣುಕಿ ‘ಸಭಾಮನೆ’ ಎಂಬ ಪದಕ್ಕೆ ಒಪ್ಪಿದ್ದೇನೆ.

ಪದ ಬದಲಾದ ಮೇಲೆ ಕಾಲಪಟ್ಟಿಯನ್ನೂ ಬದಲಿಸಿ, ಸಭೆಗೊಂದು, ಸಭಾಮನೆಗೊಂದು ಅಂಕಣ ಮಾಡಬೇಕಾಯಿತು. ಸಭೆಯ ಅಂಕಣ 1652ರಲ್ಲಿ ರೋಜರ್ ನ್ಯೂಟನ್ ಅವರ ಪಾಲಕತ್ವದಿಂದ ತೊಡಗುತ್ತದೆ. ಸಭಾಮನೆಯ ಅಂಕಣದಲ್ಲಿ, ಜುಡಾ ವುಡ್ರಫ್ 1771ರಲ್ಲಿ ಕಟ್ಟಿದ, ಇಂದಿಗೂ ನಿಂತಿರುವ ಮರದ ಕಟ್ಟಡ ಮೂರನೆಯದು. ಅದರ ಮುಂದಿನ ಗ್ರೀಕ್ ಶೈಲಿಯ ಕಂಬಗಳ ಮುಖಮಂಟಪ ಹತ್ತೊಂಬತ್ತನೆಯ ಶತಮಾನದ ಸೇರ್ಪಡೆ. ಈ ಎರಡು ಅಂಕಣಗಳ ನಡುವೆ ತೆರಿಗೆಯ ಅಂಕಣವೊಂದು ಬೇಕೆಂದು ತಡವಾಗಿ ತಿಳಿಯಿತು. 1818ರ ಸಂವಿಧಾನ ಬರುವವರೆಗೆ ಕನೆಕ್ಟಿಕಟ್‌ನಲ್ಲಿ ಕಾಂಗ್ರಿಗೇಶನಲ್ ಪಂಥವೇ ರಾಜ್ಯಮಾನ್ಯವಾಗಿದ್ದು, ಬೇರೆ ಪಂಥದವನೆಂಬ ಪ್ರಮಾಣಪತ್ರ ತಾರದ ಪ್ರತಿಯೊಬ್ಬನೂ, ಸಭೆಯ ಸದಸ್ಯನಲ್ಲದಿದ್ದರೂ, ಬೋಧಕರ ಸಂಬಳಕ್ಕೆ ತೆರಿಗೆ ತೆರಬೇಕಿತ್ತು.

1806ರಿಂದ 1866ರವರೆಗೆ ಸಭಾಪಾಲಕರಾಗಿದ್ದ ನೋವಾ ಪೋರ್ಟರ್ ಅವರ ಕಾಲವೇ ಈ ಚರಿತ್ರೆಯ ಹೊಟ್ಟೆಭಾಗ. ಅಮೆರಿಕನ್ ಬೋರ್ಡ್ ಎಂಬ ವಿದೇಶ ಮಿಷನ್ ಸಂಸ್ಥೆಯ ಮೊದಲ ಸಭೆ 1810ರ ಸೆಪ್ಟೆಂಬರ್ 5ರಂದು ನಡೆದದ್ದು ಅವರ ಮನೆಯಲ್ಲಿ; ಅದರ ಮೊದಲ ಅಧ್ಯಕ್ಷ ಇದೇ ಊರಿನ ಜಾನ್ ಟ್ರೆಡ್‌ವೆಲ್. ಅದು ಕಳುಹಿಸಿದ ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್ 1813ರಲ್ಲಿ ಮುಂಬಯಿ ಸೇರಿದರು. ಅದೇ 1810ರಲ್ಲಿ ಇಂಗ್ಲೆಂಡಿನ ಕಾಂಗ್ರಿಗೇಶನಲಿಸ್ಟರೇ ಬಹುವಾಗಿ ನಡೆಸುತ್ತಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಮುಂದೆ ಬೈಬಲಿನ ಕನ್ನಡ ಅನುವಾದಕ್ಕೆ ಕೈಹಾಕಿದರು. ಸಂಸ್ಥೆಗಳು ಬೇರೆ ಬೇರೆಯಾದರೂ ಈ ಕಾಕತಾಳೀಯವನ್ನು ಕನ್ನಡದ ಓದುಗರಿಗಾಗಿ ಅಂಚಿನಲ್ಲಿ ಬರೆದಿಟ್ಟಿದ್ದೇನೆ.

ಈಗ ಕೈಯಲ್ಲಿರುವುದು 1841ರ ಅಧ್ಯಾಯ. ತಮ್ಮನ್ನು ಗುಲಾಮರಾಗಿ ಸಾಗಿಸುತ್ತಿದ್ದ ಅಮಿಸ್ಟಾಡ್ ಹಡಗಿನಲ್ಲಿ ಬಂಡೆದ್ದು, ಸುಪ್ರೀಂ ಕೋರ್ಟಿನ ತೀರ್ಪಿನಿಂದ ಆ ಮಾರ್ಚಿನಲ್ಲಿ ಬಿಡುಗಡೆಗೊಂಡ 30ಕ್ಕೂ ಹೆಚ್ಚು ಪಶ್ಚಿಮ ಆಫ್ರಿಕದ ಮೆಂಡೆ ಜನರು, ಆಫ್ರಿಕಕ್ಕೆ ಮರಳುವ ಹಣ ಕೂಡುವವರೆಗೆ ಈ ಊರಿನಲ್ಲಿ ತಂಗಿದ್ದರು. ಗುಲಾಮಗಿರಿಯ ವಿರೋಧಿ ಆಸ್ಟಿನ್ ವಿಲಿಯಮ್ಸ್ ತಮ್ಮ ಜಾಗದಲ್ಲಿ ಗಂಡಸರಿಗೆ ವಸತಿ ಕಟ್ಟಿಸಿಕೊಟ್ಟರು. ಭಾನುವಾರ ಈ ಮೆಂಡೆ ಜನರು ಆರಾಧನೆಗೆ ಬರುತ್ತಿದ್ದುದು ವುಡ್ರಫ್ ಕಟ್ಟಿದ ಸಭಾಮನೆಗೆ. ಅವರಲ್ಲಿ ಫೂನೆ ಎಂಬವನು ಆ ಆಗಸ್ಟಿನಲ್ಲಿ ಊರಿನ ಕಾಲುವೆಯ ನೀರಿನಲ್ಲಿ ಮುಳುಗಿ ತೀರಿಕೊಂಡ. ಅವನ ಸಮಾಧಿ ಅಲ್ಲಿನ ನದಿಬದಿಯ ಸ್ಮಶಾನದಲ್ಲಿದೆ. ಉಳಿದವರು ನವೆಂಬರಿನಲ್ಲಿ ಹಡಗು ಹತ್ತಿದರು. ಇವರ ಎಂಟು ತಿಂಗಳು ಸಭೆ, ಸಭಾಮನೆ, ತೆರಿಗೆ ಎಂಬ ನನ್ನ ಮೂರು ಅಂಕಣಗಳಲ್ಲಿ ಯಾವುದರಲ್ಲೂ ನೆಟ್ಟಗೆ ಕೂರಲಿಲ್ಲ. ನಿನ್ನೆ ರಾತ್ರಿ ನಾಲ್ಕನೆಯ ಗೆರೆ ಎಳೆದು ಅದರ ತಲೆಯ ಮೇಲೆ ‘ಬಂದು ಹೋದವರು’ ಎಂದು ಬರೆದೆ. ಮೊದಲ ನಮೂದು ಫೂನೆಯದು, ಹೋಗದೆ ಉಳಿದವನದು.