ನೀಲಿ ನೀರಿನ ಫೋಟೋ ಕಳುಹಿಸಬೇಡಿ

ಗೆಳೆಯರು ಯಾರಾದರೂ “ಗಾಳ ಹಾಕುವುದಕ್ಕೆ ಈ ಬೀಚಿಗೆ ಹೋಗೋಣವೇ?” ಎಂದು ಫೋಟೋ ಕಳುಹಿಸಿದರೆ ನಾನು ಮೊದಲು ಹುಡುಕುವುದು ಅಲೆ ಎಲ್ಲಿ ಒಡೆಯುತ್ತಿದೆ ಎಂಬುದನ್ನು. ದಡದಿಂದ ದಿಗಂತದವರೆಗೆ ಒಂದೇ ಸಮನಾದ ತಿಳಿನೀಲಿ, ಅಲುಗಾಡದ ನೀರು, ಬಾಗಿದ ತೆಂಗಿನ ಮರ ಕಂಡರೆ “ಮಧುಚಂದ್ರಕ್ಕೆ ಒಳ್ಳೆಯ ಜಾಗ” ಎಂದು ಉತ್ತರಿಸಿ ಸುಮ್ಮನಾಗುತ್ತೇನೆ. ಹೀಗೆ ಉತ್ತರಿಸಿಯೇ ಕೆಲವರ ಮುನಿಸನ್ನೂ ಕಟ್ಟಿಕೊಂಡಿದ್ದೇನೆ.

ದಡದಲ್ಲಿ ನಿಂತು ಗಾಳ ಎಸೆಯುವವನಿಗೆ ಬೇಕಾದ ಕಡಲೇ ಬೇರೆ. ನೊರೆ ಬೇಕು, ನೀರು ಸ್ವಲ್ಪ ಕದಡಿರಬೇಕು. ಅಲೆ ಒಡೆದಾಗ ಮರಳಿನೊಳಗಿನ ಹುಳು, ಪುಟ್ಟ ಏಡಿ, ಚಿಪ್ಪಿನ ಜೀವಿಗಳು ಮೇಲೇಳುತ್ತವೆ. ಅವುಗಳನ್ನು ತಿನ್ನಲು ಮರಿಮೀನುಗಳು ಬರುತ್ತವೆ. ಅವುಗಳ ಹಿಂದೆ ದೊಡ್ಡವು. ಬೇಟೆಯಾಡುವ ಮೀನಿಗೆ ನೊರೆಯೇ ಮರೆ. ಒಂದಾಳು ಎತ್ತರದ ಪಾರದರ್ಶಕ ನೀರಿನಲ್ಲಿ ಹಾಡಹಗಲೇ ದಡದ ಹತ್ತಿರ ಬಂದು ಹದ್ದಿನ ಕಣ್ಣಿಗೆ ಬೀಳಲು ಯಾವ ಮೀನಿಗೂ ಹುಚ್ಚಿಲ್ಲ.

ಆದ್ದರಿಂದ ನನ್ನ ಪ್ರವಾಸ ಶುರುವಾಗುವುದು ಉಪಗ್ರಹ ಚಿತ್ರದಿಂದ. ಪ್ರವಾಸಿ ಜಾಲತಾಣಗಳ ತಾರೆಗಳ ಅಂಕ ನನಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ನಕ್ಷೆಯನ್ನು ಹಿಗ್ಗಿಸುತ್ತ ಹೋದರೆ ದಡಕ್ಕೆ ಸಮಾನಾಂತರವಾಗಿ ಬಿಳಿ ಗೆರೆಯೊಂದು ಕಾಣುತ್ತದೆ. ಅದು ಮರಳಿನ ದಿಬ್ಬದ ಮೇಲೆ ಒಡೆಯುತ್ತಿರುವ ಅಲೆ. ಆ ಗೆರೆಗೂ ದಡಕ್ಕೂ ನಡುವೆ ಗಾಢ ಬಣ್ಣದ ಪಟ್ಟಿ ಇದ್ದರೆ ಅಲ್ಲಿ ನೀರು ಆಳ, ಅಂದರೆ ಮೀನು ಓಡಾಡುವ ಕಾಲುವೆ. ಬಿಳಿ ಗೆರೆ ಒಂದು ಕಡೆ ತುಂಡಾಗಿ, ಅಲ್ಲಿ ಕದಡಿದ ನೀರು ನಾಲಿಗೆ ಚಾಚಿದಂತೆ ಹೊರಗೆ ಹೋಗಿದ್ದರೆ ಅದು ಸೆಳೆತ. ಈಜುವವರು ಅದರಿಂದ ದೂರವಿರಬೇಕು. ಗಾಳದವರು ಅದರ ಅಂಚಿಗೆ ಗುರಿಯಿಟ್ಟು ಎಸೆಯಬೇಕು, ಏಕೆಂದರೆ ದಡದಿಂದ ಕೊಚ್ಚಿಹೋಗುವ ಆಹಾರವೆಲ್ಲ ಅದೇ ಬಾಗಿಲಿನಿಂದ ಹೊರಗೆ ಹೋಗುತ್ತದೆ.

ಒಂದೇ ಚಿತ್ರವನ್ನು ನಂಬುವಂತಿಲ್ಲ. ಒಂದು ಬಿರುಗಾಳಿ ಸಾಕು, ದಿಬ್ಬ ಮಾಯವಾಗಿ ಮತ್ತೊಂದು ಕಡೆ ಹುಟ್ಟುತ್ತದೆ. ಹಾಗಾಗಿ ಹಳೆಯ ವರ್ಷಗಳ ಚಿತ್ರಗಳನ್ನೂ ತೆಗೆದು ನೋಡುತ್ತೇನೆ. ಮರಳು ಜಾಗ ಬದಲಿಸಿದರೂ ಅಳಿವೆ, ಕಡಲಿಗೆ ಚಾಚಿದ ಬಂಡೆ, ಭೂಶಿರದ ತಿರುವು ಅಲ್ಲೇ ಇರುತ್ತವೆ. ಹತ್ತಾರು ಕಿಲೋಮೀಟರ್ ಉದ್ದದ ಮರಳ ದಂಡೆಯಲ್ಲಿ ನನ್ನ ಕಣ್ಣು ಹೋಗುವುದು ಆ ಮೂರರ ಕಡೆಗೆ. ಇನ್ನೊಂದು ವಿಷಯ: ಮರಳು ದಪ್ಪಗಿದ್ದಷ್ಟೂ ದಂಡೆ ಕಡಿದಾಗಿರುತ್ತದೆ, ಆಳ ಕಾಲ ಬಳಿಗೇ ಬರುತ್ತದೆ. ಹಿಟ್ಟಿನಂಥ ಮರಳಿದ್ದರೆ ದಂಡೆ ಚಪ್ಪಟೆ; ಮೊಣಕಾಲಿನ ನೀರಿನವರೆಗೆ ನಡೆದು ಎಸೆದರೂ ಗಾಳ ಬೀಳುವುದು ಸೊಂಟದ ನೀರಿಗೇ.

ಇಷ್ಟೆಲ್ಲ ಮಾಡುವ ಮೊದಲು ಇತ್ಯರ್ಥವಾಗಬೇಕಾದದ್ದು ಎರಡು ಪ್ರಶ್ನೆ: ಯಾವ ಮೀನು, ಯಾವ ತಿಂಗಳು. ಅವು ಗೊತ್ತಾದರೆ ಬೀಚು ತಾನಾಗಿಯೇ ಗೊತ್ತಾಗುತ್ತದೆ. ಹೆಚ್ಚಿನವರು ರಜೆ ಸಿಕ್ಕ ವಾರವನ್ನು ಹಿಡಿದುಕೊಂಡು ಊರು ಹುಡುಕುತ್ತಾರೆ. ಮೀನಿಗೆ ನಮ್ಮ ರಜೆಯ ಗೊಡವೆ ಇಲ್ಲ.

ಅಮೆರಿಕದ ನಾರ್ತ್ ಕರೊಲೈನಾದ ಕೇಪ್ ಹ್ಯಾಟೆರಸ್ ಇದಕ್ಕೆ ಒಳ್ಳೆಯ ಉದಾಹರಣೆ. ಭೂಪಟದಲ್ಲಿ ಅದು ಅಟ್ಲಾಂಟಿಕ್‌ಗೆ ಮೊಣಕೈ ಚಾಚಿದ ಹಾಗಿದೆ. ದಕ್ಷಿಣದಿಂದ ಬರುವ ಬೆಚ್ಚಗಿನ ಗಲ್ಫ್ ಸ್ಟ್ರೀಮ್ ಪ್ರವಾಹ, ಉತ್ತರದಿಂದ ಇಳಿಯುವ ತಣ್ಣನೆಯ ನೀರು ಎರಡೂ ಅದರ ಎದುರಿನಲ್ಲೇ ಸಂಧಿಸುತ್ತವೆ. ಅಲ್ಲಿನ ಮರಳ ದಿಬ್ಬಗಳಿಗೆ ಸಿಕ್ಕಿ ಒಡೆದ ಹಡಗುಗಳು ಎಷ್ಟೆಂದರೆ ಆ ಸಮುದ್ರಕ್ಕೆ ಅಟ್ಲಾಂಟಿಕ್‌ನ ಸ್ಮಶಾನ ಎಂಬ ಅಡ್ಡಹೆಸರೇ ಇದೆ. ಹಡಗಿಗೆ ಕೇಡಾದದ್ದು ರೆಡ್ ಡ್ರಮ್ ಎಂಬ ತಾಮ್ರಬಣ್ಣದ ಮೀನಿಗೆ ಹಬ್ಬ. ವಸಂತದಲ್ಲೂ ಅಕ್ಟೋಬರ್-ನವೆಂಬರ್ ಹೊತ್ತಿನಲ್ಲೂ ದೊಡ್ಡ ರೆಡ್ ಡ್ರಮ್‌ಗಳು ದಂಡೆಯ ಹತ್ತಿರ ಸಾಗುತ್ತವೆ. ಈ ಜಾತಿಯ ವಿಶ್ವದಾಖಲೆಯ ಮೀನು, ತೂಕ 94 ಪೌಂಡ್ 2 ಔನ್ಸ್, ಅಂದರೆ ಸುಮಾರು 42.7 ಕಿಲೋ, 1984ರ ನವೆಂಬರ್‌ನಲ್ಲಿ ಸಿಕ್ಕಿದ್ದು ಅಲ್ಲೇ ಪಕ್ಕದ ಏವನ್ ಎಂಬಲ್ಲಿ. ಅದೇ ದಂಡೆಗೆ ಜುಲೈನಲ್ಲಿ ಹೋದರೆ ಸಿಗುವುದು ಬಿಸಿಲು, ಛತ್ರಿಗಳ ಸಾಲು ಮತ್ತು ನೂರೆಂಟು ನಿರ್ಬಂಧ. ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ ದಂಡೆಯ ಕೆಲವು ಭಾಗಗಳಿಗೆ ವಾಹನ ಬಿಡುವುದಿಲ್ಲ. ಕಡಲಾಮೆ ಮೊಟ್ಟೆಯಿಡುವ ಬೇಸಿಗೆಯಲ್ಲಿ ರಾತ್ರಿ ಮರಳ ಮೇಲೆ ವಾಹನ ಓಡಿಸುವಂತಿಲ್ಲ. ನನಗೆ ಅದು ಸರಿಯೆಂದೇ ತೋರುತ್ತದೆ. ಆಮೆಗೆ ಹೋಗಲು ಬೇರೆ ದಂಡೆ ಇಲ್ಲ, ನನಗೆ ಭೂಪಟವೇ ಇದೆ.

ನಮೀಬಿಯಾದ ಸ್ಕೆಲಿಟನ್ ಕೋಸ್ಟ್ ಕಡೆಗೆ ಹೆಂಡತಿಯನ್ನು ಒಪ್ಪಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವಳಿಗೆ ಗಾಳದಲ್ಲಿ ಆಸಕ್ತಿ ಇಲ್ಲ. ಮಡಚುವ ಕುರ್ಚಿ, ದಪ್ಪದೊಂದು ಕಾದಂಬರಿ, ನೆರಳು ಇದ್ದರೆ ಸಾಕು. ಆ ಕಡಲತೀರದಲ್ಲಿ ನೆರಳೆಂಬುದೇ ಇಲ್ಲ. ಬೆಂಗ್ವೆಲಾ ಪ್ರವಾಹದ ತಣ್ಣೀರು ದಂಡೆಗೆ ತಾಗಿಕೊಂಡೇ ಹರಿಯುತ್ತದೆ, ಮಳೆ ಹೆಸರಿಗಷ್ಟೇ, ಬೆಳಗ್ಗೆ ಎದ್ದರೆ ಕೈಯಳತೆಯ ಆಚೆ ಏನೂ ಕಾಣದಷ್ಟು ಮಂಜು. ಬೆನ್ನ ಹಿಂದೆ ಮರುಭೂಮಿ. ಅವಳು ಫೋಟೋಗಳನ್ನು ಒಂದೊಂದಾಗಿ ನೋಡಿ, “ರೀ, ನಿಮ್ಮ ಮೀನುಗಳಿಗೆ ಇಷ್ಟವಾಗುವ ಊರುಗಳಲ್ಲಿ ಮನುಷ್ಯರು ಯಾಕೆ ಇರುವುದಿಲ್ಲ?” ಎಂದು ಕೇಳಿದಳು.

ಕಾರಣವಿದೆ. ಆ ಕರಾವಳಿಯಲ್ಲಿ ಗಾಳಿ ಮೇಲ್ಪದರದ ನೀರನ್ನು ಹೊರಗೆ ತಳ್ಳಿದಾಗ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು, ಅವುಗಳಿಂದ ಭೂತಾಯಿಯಂಥ ಸಣ್ಣ ಮೀನು, ಮುಂದೆ ಕಾಬ್, ಸ್ಟೀನ್‌ಬ್ರಾಸ್, ಕೊನೆಗೆ ನೂರು ಕಿಲೋ ದಾಟುವ ಬ್ರಾಂಜ್ ವೇಲರ್ ಶಾರ್ಕ್. ಮಳೆ ಬಾರದಂತೆ ತಡೆಯುವುದೂ ಮಂಜು ತರುವುದೂ ಅದೇ ತಣ್ಣೀರು. ಅಂದರೆ ಮನುಷ್ಯರನ್ನು ಓಡಿಸುವುದೂ ಮೀನನ್ನು ಕರೆಯುವುದೂ ಒಂದೇ ಸಂಗತಿ. ಇದನ್ನು ವಿವರಿಸಿದ ಮೇಲೂ ಅವಳ ಮುಖ ಅರಳಲಿಲ್ಲ, ಆದರೆ ಬಂದಳು. ಗಾಳಿಗೆ ಮರಳು ಹಾರದಂತೆ ಕಾರಿನ ಮರೆಯಲ್ಲಿ ಕುರ್ಚಿ ಹಾಕಿಕೊಂಡು ಕಾದಂಬರಿ ಮುಗಿಸಿದಳು. ಅಲ್ಲಿ ಶಾರ್ಕ್ ಕಚ್ಚಿದರೆ ಮುಕ್ಕಾಲು ಗಂಟೆ ದಂಡೆಯುದ್ದಕ್ಕೂ ಅದರ ಹಿಂದೆ ನಡೆಯಬೇಕಾಗುತ್ತದೆ. ಕೋಲಿನ ಬುಡವನ್ನು ಸೊಂಟದ ಪಟ್ಟಿಗೆ ಊರಿ, ಅದು ಎಳೆದಾಗ ಬಿಟ್ಟು, ನಿಂತಾಗ ಸುತ್ತಿ, ಕೊನೆಗೆ ಮೊಣಕಾಲಿನ ನೀರಿನಲ್ಲಿ ಅದರ ಕಂಚಿನ ಬೆನ್ನು ಕಾಣುವ ಹೊತ್ತಿಗೆ ಮುಂಗೈಗಳು ನಮ್ಮವಾಗಿ ಉಳಿದಿರುವುದಿಲ್ಲ. ಗಾಳ ಬಿಡಿಸಿ ತಲೆಯನ್ನು ಅಲೆಯ ಕಡೆಗೆ ತಿರುಗಿಸಿದರೆ ಬಾಲದ ಒಂದು ಏಟಿಗೆ ನಮ್ಮನ್ನು ತೋಯಿಸಿ ಹೊರಟುಬಿಡುತ್ತದೆ.

ತಾರೀಖು ಗೊತ್ತುಮಾಡುವಾಗ ನಾನು ವಿಮಾನದ ದರಕ್ಕಿಂತ ಮೊದಲು ಚಂದ್ರನನ್ನು ನೋಡುತ್ತೇನೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಉಪಯುಕ್ತವಾದ ಮಾತೊಂದಿದೆ: ದಿನಕ್ಕೆ ಎರಡು ಉಬ್ಬರವಿರುವ ಕಡೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರ ಆಯಾ ಊರಿಗೆ ಹೆಚ್ಚುಕಡಿಮೆ ಒಂದೇ ಗಂಟೆಗೆ ಬರುತ್ತದೆ, ವರ್ಷವಿಡೀ. ನೈಋತ್ಯ ಐರ್ಲೆಂಡಿನಲ್ಲಿ ಅದು ಬೇಸಿಗೆಯ ಗಡಿಯಾರದಲ್ಲಿ ಬೆಳಗಿನ ಮತ್ತು ಸಂಜೆಯ ಐದಾರರ ಸುಮಾರು. ಡಿಂಗಲ್ ಪರ್ಯಾಯ ದ್ವೀಪದ ಇಂಚ್ ದಂಡೆಯಲ್ಲಿ ಬಾಸ್ ಮೀನು ಹಿಡಿಯಬೇಕೆನ್ನುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಡ: ಏರುವ ನೀರು ಮತ್ತು ಮಸುಕು ಬೆಳಕು ಒಟ್ಟಿಗೇ ಸಿಗುತ್ತವೆ. ಉಬ್ಬರ ಮಟಮಟ ಮಧ್ಯಾಹ್ನಕ್ಕೆ ಬೀಳುವ ಊರಾದರೆ ನಾನು ದೊಡ್ಡ ಉಬ್ಬರದ ವಾರ ಬಿಟ್ಟು, ಉಬ್ಬರ ಬೆಳಗ್ಗೆ-ಸಂಜೆಗೆ ಸರಿದಿರುವ ಅಷ್ಟಮಿಯ ಆಸುಪಾಸಿಗೆ ಹೋಗುತ್ತೇನೆ. ಮೆಡಿಟರೇನಿಯನ್‌ನ ಬಹುತೇಕ ತೀರಗಳಲ್ಲಿ ಈ ತಲೆನೋವೇ ಇಲ್ಲ, ಉಬ್ಬರವೇ ಅಷ್ಟಕ್ಕಷ್ಟೆ. ಬಹುಶಃ ಅದಕ್ಕೇ ನನಗೆ ಅದು ಹಿಡಿಸುವುದಿಲ್ಲ.

ಐರ್ಲೆಂಡ್ ನನಗೆ ಹಿಡಿಸಲು ಇನ್ನೊಂದು ಕಾರಣ 1990. ಬಾಸ್ ನಿಧಾನವಾಗಿ ಬೆಳೆಯುವ ಮೀನು; ಬಲೆಗೆ ಸಿಕ್ಕಿ ಕಡಿಮೆಯಾದಾಗ ಆ ವರ್ಷ ಐರಿಷ್ ಸರ್ಕಾರ ತನ್ನ ದೋಣಿಗಳ ವಾಣಿಜ್ಯ ಬಾಸ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಗಾಳದವರಿಗೂ ದಿನದ ಮಿತಿ, ಕನಿಷ್ಠ ಉದ್ದ, ಮೊಟ್ಟೆಯಿಡುವ ಕಾಲದ ರಜೆ ಇವೆ. ನಿಯಮ ಬಿಗಿಯಾಗಿರುವ ದೇಶಕ್ಕೆ ಹೋಗಲು ಹಿಂಜರಿಯುವವರನ್ನು ಕಂಡರೆ ನನಗೆ ಸೋಜಿಗ. ಮಿತಿ ಇಲ್ಲದ ದಂಡೆಯಲ್ಲಿ ಸಾಮಾನ್ಯವಾಗಿ ಮೀನೂ ಇರುವುದಿಲ್ಲ.

ನೀಲಿ ನೀರನ್ನು ಇಷ್ಟು ಬೈದ ಮೇಲೆ ಕಿರಿಬಾಸ್ ದೇಶದ ಕಿರಿಟಿಮಾಟಿಯನ್ನು ಹೊಗಳಿದರೆ ನಗುತ್ತೀರಿ. ಪೆಸಿಫಿಕ್ ನಡುವಿನ ಈ ಹವಳದ ದ್ವೀಪವನ್ನು ಕ್ಯಾಪ್ಟನ್ ಕುಕ್ 1777ರ ಕ್ರಿಸ್‌ಮಸ್ ಹಿಂದಿನ ದಿನ ಕಂಡ. 1957-58ರಲ್ಲಿ ಬ್ರಿಟನ್ ಅಲ್ಲೇ ಜಲಜನಕ ಬಾಂಬ್ ಪರೀಕ್ಷೆ ನಡೆಸಿತು. ಒಳಗಿನ ಲಗೂನಿನಲ್ಲಿ, ಅಂದರೆ ಹವಳದ ದಂಡೆ ಸುತ್ತುವರಿದ ಹಿನ್ನೀರಿನಲ್ಲಿ, ಮೊಣಕಾಲು ಮುಳುಗದ ನೀರಿನ ಬಿಳಿ ಬಯಲುಗಳಿವೆ. ನೀರು ಏರುವಾಗ ಬೋನ್‌ಫಿಶ್ ಆ ಬಯಲಿಗೆ ಬಂದು ತಲೆಯನ್ನು ಮರಳಿಗೆ ಚುಚ್ಚಿ ಮೇಯುತ್ತದೆ, ಬಾಲದ ತುದಿ ಮಾತ್ರ ನೀರಿನ ಮೇಲೆ ಮಿಣುಕುತ್ತದೆ. ನೀರಿನ ಹೊಳಪು ತಗ್ಗಿಸುವ ಪೋಲರೈಸ್ಡ್ ಕನ್ನಡಕ ಹಾಕಿದರೂ ಕಾಣುವುದು ಮೀನಲ್ಲ, ಮರಳಿನ ಮೇಲೆ ಸರಿಯುವ ಅದರ ನೆರಳು. ಇಲ್ಲಿ ಲೆಕ್ಕವೇ ತಲೆಕೆಳಗು: ಮೋಡವಿಲ್ಲದ ನಡು ಹಗಲು, ಅಲೆಯಿಲ್ಲದ ನೀರು, ಎರೆಯ ಬದಲು ಕೃತಕ ನೊಣ ಕಟ್ಟಿದ ಹಗುರ ಕೋಲು. ಇದನ್ನು ಗಾಳ ಹಾಕುವುದು ಎನ್ನುವುದಕ್ಕಿಂತ ಹೊಂಚುವುದು ಎನ್ನಬೇಕು. ಸಂಗಾತಿಗೆ ಗಾಳದ ಹುಚ್ಚು ಇಲ್ಲದಿದ್ದರೆ ಕರೆದೊಯ್ಯಬೇಡಿ. ವಿಮಾನಗಳು ವಿರಳ, ಬೇಸರವಾಯಿತೆಂದು ಮರುದಿನ ಹೊರಡಲು ಆಗುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ನಮೀಬಿಯಾದಲ್ಲಿ ದಡದಿಂದ ಗಾಳ ಹಾಕಲೂ ಪರವಾನಗಿ ಬೇಕು. ಮೆಕ್ಸಿಕೋದಲ್ಲಿ ದೋಣಿ ಹತ್ತಿದರೆ ಬೇಕು, ದಡದಲ್ಲಿ ನಿಂತರೆ ಬೇಡ. ನ್ಯೂಜಿಲೆಂಡಿನಲ್ಲಿ ಹವ್ಯಾಸಕ್ಕೆ ಕಡಲ ಮೀನು ಹಿಡಿಯಲು ಪರವಾನಗಿಯೇ ಇಲ್ಲ, ಆದರೆ ಜಾತಿಗೊಂದು ಮಿತಿ ಇದೆ. ಬೂಟಿನಲ್ಲಿ ಮಣ್ಣಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಹೊರಡುವ ಮುನ್ನ ಬೂಟು, ರೀಲು, ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳ ಚೀಲ ಎಲ್ಲವನ್ನೂ ಸಿಹಿನೀರಿನಲ್ಲಿ ಉಜ್ಜಿ ಒಣಗಿಸುವುದು ನನ್ನ ಕಡೆಯ ದಿನದ ಕೆಲಸ.

ಈಗ ಮನೆಯಲ್ಲಿ ವಾದ ನಡೆಯುತ್ತಿರುವುದು ಎರಡರ ನಡುವೆ. ಒಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಕೆಗಾರಿ. ಫ್ರೇಸರ್ ದ್ವೀಪ ಎಂದು ಕರೆಯುತ್ತಿದ್ದ, ಜಗತ್ತಿನ ಅತಿ ದೊಡ್ಡ ಮರಳ ದ್ವೀಪ. ಪೂರ್ವದ ಉದ್ದನೆಯ ದಂಡೆಯೇ ಅಲ್ಲಿನ ಹೆದ್ದಾರಿ. ಚಳಿಗಾಲದಲ್ಲಿ ಟೇಲರ್ ಮೀನು ಗುಂಪಾಗಿ ಬರುತ್ತದೆ. ಆದರೆ ಮೊಟ್ಟೆಯಿಡುವ ಕಾಲವೆಂದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಹೆಡ್‌ನಿಂದ ವ್ಯಾಡಿ ಪಾಯಿಂಟ್‌ವರೆಗೆ ಗಾಳ ಹಾಕುವಂತಿಲ್ಲ. ಆದ್ದರಿಂದ ಜುಲೈ. ಡಿಂಗೋ ನಾಯಿಗಳು ದಂಡೆಯಲ್ಲೇ ಅಡ್ಡಾಡುತ್ತವೆ, ಹಿಡಿದ ಮೀನನ್ನೂ ಎರೆಯನ್ನೂ ಬಿಟ್ಟು ಒಂದು ಹೆಜ್ಜೆ ಹೋಗುವಂತಿಲ್ಲ.

ಇನ್ನೊಂದು ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದ ಈಸ್ಟ್ ಕೇಪ್. ಮೇ ತಿಂಗಳಿಂದ ಜುಲೈವರೆಗೆ ರೂಸ್ಟರ್‌ಫಿಶ್ ಬೆನ್ನ ಮೇಲಿನ ಉದ್ದುದ್ದ ಮುಳ್ಳುಗಳನ್ನು ನಿಗುರಿಸಿಕೊಂಡು ಮರಳಿಗೆ ಒತ್ತಿಕೊಂಡೇ ಸಣ್ಣ ಮೀನುಗಳನ್ನು ಅಟ್ಟುತ್ತದೆ, ಅದನ್ನು ಕಂಡವನು ಕೋಲು ಹಿಡಿದು ಬಿಸಿ ಮರಳಿನಲ್ಲಿ ಓಡಬೇಕು. ಅದೇ ಪರ್ಯಾಯ ದ್ವೀಪದ ತುದಿಯಲ್ಲಿ, ಪೆಸಿಫಿಕ್‌ಗೆ ತೆರೆದ ಕಡಿದಾದ ದಂಡೆಗಳಲ್ಲಿ, ಅಲೆ ಒಂದೇ ಎಳೆತಕ್ಕೆ ಮನುಷ್ಯನನ್ನು ಕೆಡವುತ್ತದೆ. ಅಲ್ಲಿ ನೀರಿಗೆ ಬೆನ್ನು ಮಾಡಿ ನಿಲ್ಲಬಾರದು.

ಹೆಂಡತಿಯ ಮತ ಬಾಹಾಕ್ಕೆ, ಏಕೆಂದರೆ ಅಲ್ಲಿ ಹೋಟೆಲಿನ ವರಾಂಡವಿದೆ. ನನ್ನದು ಕೆಗಾರಿಗೆ. ಹದಿಮೂರು ಅಡಿಯ ಎರಡು ತುಂಡಿನ ನನ್ನ ಕೋಲನ್ನು ಯಾವ ವಿಮಾನದವರು ಒಪ್ಪುತ್ತಾರೋ ನೋಡಬೇಕು. ಯಾವ ವಿಮಾನದವರೂ ಒಪ್ಪದಿದ್ದರೆ ಮೂರು ತುಂಡಿನದೊಂದನ್ನು ಕೊಳ್ಳಲು ಕೊನೆಗೂ ನೆಪ ಸಿಕ್ಕಂತಾಯಿತು.