ಡಯಟೀಷಿಯನ್ ಆಗ್ಬೇಕು ಅಂತಿರೋರಿಗೆ

ಡಯಟೀಷಿಯನ್ ಅಂದ್ರೆ ತೂಕ ಇಳಿಸೋಕೆ ಚಾರ್ಟ್ ಬರ್ಕೊಡೋರು ತಾನೆ ಅಂತ ತುಂಬಾ ಜನ ಕೇಳ್ತಾರೆ. ಅಲ್ಲ ಕಣ್ರೀ. ನಾನು ಇಂಟರ್ನ್‌ಶಿಪ್ ಮಾಡ್ತಿದ್ದಾಗ ಡಯಾಲಿಸಿಸ್‌ಗೆ ಬರ್ತಿದ್ದ ಒಬ್ರು ಅಜ್ಜ ಒಳ್ಳೇದು ಅಂತ ದಿನಾ ಎಳನೀರು ಕುಡೀತಿದ್ರು, ಅದ್ರಲ್ಲಿ ಪೊಟ್ಯಾಷಿಯಂ ಜಾಸ್ತಿ, ಕಿಡ್ನಿ ಕೆಲಸ ಮಾಡ್ದಿದ್ರೆ ಅದು ರಕ್ತದಲ್ಲೇ ಉಳಿದು ಹಾರ್ಟ್‌ಗೇ ತೊಂದ್ರೆ. ಬೇಡ ಅಂದ್ರಷ್ಟೇ ಸಾಲ್ದು, ಅವರ ಸೊಸೇನ ಕೂರಿಸ್ಕೊಂಡು, ತರಕಾರಿ ಸಣ್ಣಗೆ ಹೆಚ್ಚಿ ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು ಆಮೇಲೆ ಪಲ್ಯ ಮಾಡಿ, ಆ ಕಟ್ಟಲ್ಲಿ ಮಾತ್ರ ಸಾರು ಮಾಡ್ಬೇಡಿ ಅಂದೆ. ಬಸ್ಸಾರು ಇಲ್ದೆ ಊಟಾನೇ ಸೇರದ ಮನೇಲಿ ಆ ಮಾತು ಹೇಳೋದು ಎಷ್ಟು ಕಷ್ಟ ಗೊತ್ತಾ!

ಓದು ಅಂದ್ರೆ ಪಿಯುಸಿ ಸೈನ್ಸ್, ನ್ಯೂಟ್ರಿಷನ್‌ನಲ್ಲಿ ಬಿಎಸ್ಸಿ, ಎಂಎಸ್ಸಿ, ಆಸ್ಪತ್ರೇಲಿ 6 ತಿಂಗಳು ಇಂಟರ್ನ್‌ಶಿಪ್, ಆಮೇಲೆ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್‌ದು ಆರ್‌ಡಿ (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆ. ಬಯೋಕೆಮಿಸ್ಟ್ರಿ ದಯವಿಟ್ಟು ಚೆನ್ನಾಗಿ ಓದಿ. ಹೈದರಾಬಾದಿನ ಎನ್‌ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) 2017ರಲ್ಲಿ ತಂದ ಟೇಬಲ್‌ನಲ್ಲಿ 528 ಆಹಾರಗಳಲ್ಲಿ ಯಾವ ಪೋಷಕಾಂಶ ಎಷ್ಟಿದೆ ಅನ್ನೋ ಲೆಕ್ಕ ಇದೆ, ನಮ್ಮ ರಾಗೀಲಿ 100 ಗ್ರಾಂಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಅದ್ರಲ್ಲಿ ನೋಡಿದ ದಿನ ಅಮ್ಮಂಗೆ ಫೋನ್ ಮಾಡಿದ್ದೆ.

ಕೆಲಸ ಆಸ್ಪತ್ರೇಲೇ ಆಗ್ಬೇಕು ಅಂತಿಲ್ಲ. ಆಟಗಾರರ ಜೊತೆ, ಫುಡ್ ಕಂಪನೀಲಿ, ರಿಸರ್ಚಲ್ಲಿ, ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರದಲ್ಲಿ, ಸ್ವಂತ ಕ್ಲಿನಿಕ್ಕೂ ಆಗುತ್ತೆ. ಶುರುವಲ್ಲಿ ಸಂಬಳ ಕಮ್ಮಿ, ಅದು ನಿಜ. ನನಗಿಷ್ಟ ಐಸಿಯು, ಟ್ಯೂಬಲ್ಲಿ ಊಟ ಹೋಗ್ತಿದ್ದೋರು ಒಂದಿನ ತಾವೇ ಚಮಚ ಹಿಡಿದು ಗಂಜಿ ಕುಡೀತಾರಲ್ಲ, ಅದನ್ನ ನೋಡೋಕೇ ನಾನು ಬೆಳಿಗ್ಗೆ ಬೇಗ ಹೋಗ್ತೀನಿ.